ಅಯಾನಿನ ಉತ್ತರವನ್ನು ಓದುವ ಬಗೆ

ಕ್ವಾಂಟಮ್ ಕಂಪ್ಯೂಟರ್ ಕುರಿತ ಚರ್ಚೆಯೆಲ್ಲ ಅದರ ಮಾಹಿತಿಯ ಮೂಲ ಘಟಕಗಳಾದ ಕ್ಯುಬಿಟ್‌ಗಳ ಸಂಖ್ಯೆಯ ಸುತ್ತಲೇ ನಡೆಯುತ್ತಿದ್ದು, ಲೆಕ್ಕ ಮುಗಿದ ಮೇಲೆ ಉತ್ತರವನ್ನು ತಪ್ಪಿಲ್ಲದೆ ಓದಿಕೊಳ್ಳುವ ಕೆಲಸಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ವಿದ್ಯುತ್ ಕ್ಷೇತ್ರದಲ್ಲಿ ಹಿಡಿದಿಟ್ಟ ಅಯಾನು, ಅಂದರೆ ಎಲೆಕ್ಟ್ರಾನ್ ಒಂದನ್ನು ಕಳೆದುಕೊಂಡ ಪರಮಾಣು, ಕ್ಯುಬಿಟ್ ಆಗಿರುವ ಯಂತ್ರಗಳಲ್ಲಿ ಈ ಓದು ಬೆಳಕಿನಿಂದ ನಡೆಯುತ್ತದೆ. 397 ನ್ಯಾನೋಮೀಟರ್ ತರಂಗಾಂತರದ ಲೇಸರ್ ಬಿದ್ದಾಗ ಕ್ಯಾಲ್ಸಿಯಂ ಅಯಾನು ಒಂದು ಸ್ಥಿತಿಯಲ್ಲಿದ್ದರೆ ಹೊಳೆಯುತ್ತದೆ, ಇನ್ನೊಂದರಲ್ಲಿದ್ದರೆ ಕತ್ತಲಾಗಿಯೇ ಉಳಿಯುತ್ತದೆ. 1989ರ ನೊಬೆಲ್ ಪುರಸ್ಕೃತರಲ್ಲೊಬ್ಬರಾದ ಹಾನ್ಸ್ ಡೆಮೆಲ್ಟ್ ಇದರ ಮೂಲ ಉಪಾಯವನ್ನು 1975ರಲ್ಲೇ ಸೂಚಿಸಿದ್ದರು.

ತೊಡಕೆಂದರೆ, ಆ ಕತ್ತಲ ಸ್ಥಿತಿಯ ಸರಾಸರಿ ಆಯುಷ್ಯ ಸುಮಾರು 1.17 ಸೆಕೆಂಡು ಮಾತ್ರ. ಬೆಳಕಿನ ಕಣಗಳಾದ ಫೋಟಾನ್‌ಗಳನ್ನು ಎಣಿಸುತ್ತ ಹೆಚ್ಚು ಹೊತ್ತು ಕಾದರೆ ಅಯಾನು ನಡುವೆಯೇ ಕೆಳಗಿಳಿದು ಹೊಳೆಯತೊಡಗಬಹುದು, ಅವಸರಪಟ್ಟರೆ ಹೊಳೆಯುವ ಅಯಾನನ್ನೇ ಕತ್ತಲೆಂದು ಎಣಿಸುವ ಅಪಾಯವಿದೆ. 2008ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಒಟ್ಟು ಎಣಿಕೆಯನ್ನಷ್ಟೇ ನೋಡದೆ ಫೋಟಾನ್‌ಗಳು ಬಂದ ಹೊತ್ತನ್ನೂ ಗಣನೆಗೆ ತೆಗೆದುಕೊಂಡು, ತೀರ್ಮಾನ ಖಚಿತವಾದ ಕೂಡಲೇ ಅಳತೆಯನ್ನು ನಿಲ್ಲಿಸುವ ಕ್ರಮದಿಂದ, ಸರಾಸರಿ 145 ಮೈಕ್ರೋಸೆಕೆಂಡಿನಲ್ಲಿ ಶೇ. 99.99ರಷ್ಟು ನಿಖರತೆ ಸಾಧಿಸಿದರು. ಇಲ್ಲಿ ಗೆದ್ದದ್ದು ದುಬಾರಿ ಲೇಸರ್ ಅಲ್ಲ, ಸಿಕ್ಕ ಮಾಹಿತಿಯನ್ನು ಪೋಲು ಮಾಡದ ಜಾಣ್ಮೆ.

ಅಯಾನುಗಳು ಸಾಲಾಗಿ ನಿಂತಾಗ ಒಂದರಿಂದ ಚದುರಿದ ಬೆಳಕು ಪಕ್ಕದ್ದರ ಸ್ಥಿತಿಯನ್ನು ಕೆಡಿಸುವ ಸಮಸ್ಯೆ ಬೇರೆಯೇ ಇದೆ. ದೋಷ ತಿದ್ದುವ ವಿಧಾನಗಳಲ್ಲಿ ಲೆಕ್ಕದ ನಡುವೆಯೂ ಪದೇಪದೇ ಅಳೆಯಬೇಕಾಗುವುದರಿಂದ, ಹೊಸ ಯಂತ್ರವನ್ನು ಪ್ರಕಟಿಸುವವರು ಕ್ಯುಬಿಟ್‌ಗಳ ಸಂಖ್ಯೆಯೊಂದಿಗೆ ಅಳತೆಯ ದೋಷಪ್ರಮಾಣವನ್ನೂ ತಪ್ಪದೆ ತಿಳಿಸಬೇಕು.