ಪಹಣಿ ಇಲ್ಲದವನಿಗೆ ಬೇಲ್ ಎಲ್ಲಿದೆ?

ಪರಪ್ಪನ ಅಗ್ರಹಾರ ಜೈಲಿನಲ್ಲಿ ನಟ ದರ್ಶನ್ ಸಿಗರೇಟು ಹಿಡಿದು ಕೂತ ಫೋಟೊ 2024ರ ಆಗಸ್ಟ್‌ನಲ್ಲಿ ಹೊರಬಿದ್ದಾಗಿನಿಂದ ಶಿವಮೊಗ್ಗದ ಗಾಂಧಿ ಬಜಾರಿನ ಯಾವ ಅಂಗಡಿ ಮುಂದೆ ನಿಂತರೂ ಒಂದೇ ಮಾತು: ಬೇಲು, ಪೆರೋಲು ಎಲ್ಲ ಬಂದ್ ಮಾಡಬೇಕು. 2025ರಲ್ಲಿ ನಮ್ಮ ಸೋಗಾನೆ ಜೈಲಿನ ಕೈದಿಯೊಬ್ಬನ ಹೊಟ್ಟೆಯಿಂದ ಆಪರೇಷನ್ ಮಾಡಿ ಮೊಬೈಲ್ ತೆಗೆದ ಮೇಲಂತೂ ಕೂಗು ಇನ್ನೂ ಜೋರಾಯಿತು.

ನನಗೆ ಸಿಟ್ಟು ಬರುವುದು ಇಲ್ಲೇ. ಮೊಬೈಲ್ ಒಳಗೆ ಹೋಗಿದ್ದು ಬೇಲ್ ಕೊಟ್ಟಿದ್ದರಿಂದಲ್ಲ, ಗೇಟಿನಲ್ಲಿ ತಪಾಸಣೆ ಸರಿಯಿಲ್ಲದ್ದರಿಂದ. ಆ ಕೋಪವನ್ನು ತಂದು ಬಡವನ ಬೇಲ್ ಮೇಲೆ ಸುರಿಯುತ್ತೀರಲ್ಲ!

ಬಜಾರಿನ ಬದಿಯಲ್ಲಿ ಹೂ ಮಾರುವ ಒಬ್ಬ ಅಮ್ಮನ ಹತ್ತಿರ ನಾನು ಎಷ್ಟೋ ವರ್ಷದಿಂದ ಸೇವಂತಿಗೆ ಕೊಳ್ಳುತ್ತೇನೆ. ಮಗ ಬೈಕ್ ಕಳವಿನ ಕೇಸಿನಲ್ಲಿ ಒಳಗಿದ್ದಾನೆ. ಬೇಲ್ ಆಗಿದೆ. ಐವತ್ತು ಸಾವಿರದ ಬಾಂಡು, ಒಬ್ಬರ ಶ್ಯೂರಿಟಿ. ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹೂವಿನ ನೀರು ತಾಗದಂತೆ ಬುಟ್ಟಿಯ ಬಾಳೆಲೆ ಕೆಳಗೆ ಇಟ್ಟುಕೊಂಡಿದ್ದಾಳೆ. ಒಂದು ಸಂಜೆ ಮಾಲೆ ಅಳೆಯುತ್ತಾ ಕೇಳಿದಳು, “ನಿಮ್ಮ ಹೆಸ್ರಲ್ಲಿ ಪಾಣಿ ಐತೇನಣ್ಣಾ?” ಇತ್ತು, ಶ್ಯೂರಿಟಿಗೆಂದು ಕೋರ್ಟಿಗೆ ತೆಗೆದುಕೊಂಡು ಹೋದೆ. ಅಣ್ಣತಮ್ಮಂದಿರ ಜಂಟಿ ಖಾತೆ, ಆಗಲ್ಲ ಎಂದು ವಾಪಸ್ ಕಳಿಸಿದರು.

ಜೈಲಿಗೆ ಹೋಗಲು ಪಹಣಿ ಬೇಡ, ಹೊರಗೆ ಬರಲು ಬೇಕು. ಇದು ಯಾವ ನ್ಯಾಯ? 1978ರಲ್ಲೇ ಸುಪ್ರೀಂ ಕೋರ್ಟ್ ಮೋತಿರಾಮ್ ಪ್ರಕರಣದಲ್ಲಿ ಇದನ್ನು ಕೇಳಿತ್ತು. ಆತ ಮಧ್ಯಪ್ರದೇಶದ ಗಾರೆ ಕೆಲಸದವ. ಹತ್ತು ಸಾವಿರಕ್ಕೆ ಶ್ಯೂರಿಟಿ ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ಮ್ಯಾಜಿಸ್ಟ್ರೇಟರು ತಳ್ಳಿಹಾಕಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಿಸಿದರು. ಬೇಲ್ ಸಿಕ್ಕಿ ಒಂದು ತಿಂಗಳಾದರೂ ಶ್ಯೂರಿಟಿ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟ್ ತಾನಾಗಿಯೇ ಪರಿಶೀಲಿಸಬಹುದು ಎಂದು 2023ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟ್ ಮತ್ತೆ ಹೇಳಿತು. ಆ ಅಮ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಶಿಕ್ಷೆಯೇ ಆಗದವರು! ಬೇಲ್ ಬಂದ್ ಮಾಡಿ ಎನ್ನುವವರು ಈ ಸಂಖ್ಯೆಯನ್ನು ಇನ್ನೊಮ್ಮೆ ಓದಲಿ.

ಶ್ಯೂರಿಟಿ ಸಿಗದವರು ಯಾರೆಂದು ತಿಳಿಯಲು ಭದ್ರಾವತಿಗೆ ಹೋಗಿ ನೋಡಿ. ಎಂಪಿಎಂ ಕಾಗದ ಕಾರ್ಖಾನೆ ಬಾಗಿಲು ಹಾಕಿತು. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುತ್ತೇವೆಂದು 2023ರಲ್ಲಿ ಸೈಲ್ ಘೋಷಿಸಿದಾಗ ಗುತ್ತಿಗೆ ಕಾರ್ಮಿಕರ ಎದೆ ಒಡೆಯಿತು. ಜೀವಮಾನವೆಲ್ಲ ಕುಲುಮೆ ಮುಂದೆ ಬೆಂದವನಿಗೆ ಒಂದು ಗುಂಟೆ ಜಮೀನೂ ಇಲ್ಲ, ಇರುವುದು ಬಾಡಿಗೆ ಮನೆ. ಅವನ ಮಗನಿಗೆ ಜಾಮೀನು ನಿಲ್ಲುವವರು ಯಾರು? ಕೆಲಸವನ್ನೂ ಕಿತ್ತುಕೊಂಡಿರಿ, ಈಗ ಆಸ್ತಿ ತೋರಿಸು ಎನ್ನುತ್ತೀರಿ.

ಪೆರೋಲ್ ಕತೆಯೂ ಬೇರೆಯಲ್ಲ. ಶಿಕ್ಷೆಗೊಳಗಾದ ಡೇರಾ ಸಚ್ಚಾ ಸೌದಾ ಗುರು ರಾಮ್ ರಹೀಮ್ ಹತ್ತಕ್ಕೂ ಹೆಚ್ಚು ಸಲ ಹೊರಬಂದ. ನಮ್ಮ ರಾಮನಗರ ಕಡೆಯ ಕೈದಿಯೊಬ್ಬ ಹೊಲ ಉಳಲು ರಜೆ ಕೇಳಿದರೆ ಜೈಲಿನವರು ಇಲ್ಲ ಎಂದರು. ಹೈಕೋರ್ಟ್ ಮೆಟ್ಟಿಲು ಹತ್ತಿ 2024ರ ಡಿಸೆಂಬರ್‌ನಲ್ಲಿ 90 ದಿನ ಪಡೆಯಬೇಕಾಯಿತು. ಪೆರೋಲ್ ಪುಕ್ಕಟೆ ಬಿಡುಗಡೆಯಲ್ಲ. ಪೊಲೀಸ್ ವರದಿ ಬೇಕು, ಠಾಣೆಯಲ್ಲಿ ಹಾಜರಿ ಹಾಕಬೇಕು, ದಿನ ಮುಗಿದ ಕೂಡಲೇ ಮರಳಬೇಕು. ಅಲ್ಲಿಯೂ ಶ್ಯೂರಿಟಿ!

ಬೇಲ್ ವಿಷಯಕ್ಕೆ ಮರಳಿದರೆ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವನು, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನನಾಗಿ ಜೈಲಿನಲ್ಲೇ ಕಳೆದಿದ್ದರೆ ಅವನನ್ನು ಬಿಡಬೇಕು ಎನ್ನುತ್ತದೆ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ, ಹಲವು ಕೇಸು ಇರುವವರಿಗೆ ಮಾತ್ರ ಇದಿಲ್ಲ. ಕೋರ್ಟಿಗೆ ಅರ್ಜಿ ಬರೆಯಬೇಕಾದವರು ಜೈಲು ಸೂಪರಿಂಟೆಂಡೆಂಟರೇ. ಸೋಗಾನೆಯಿಂದ ಅಂಥ ಅರ್ಜಿ ಎಷ್ಟು ಹೋಗಿವೆ, ಬೇಲ್ ಆಗಿಯೂ ತಿಂಗಳು ದಾಟಿ ಒಳಗಿರುವವರು ಎಷ್ಟು? ಲೆಕ್ಕ ಬೋರ್ಡಿಗೆ ಹಾಕಿ. ಹೂವಿನಮ್ಮನ ಮಗನಿಗೆ ಬೇಲ್ ಆಗಿ ಎಪ್ಪತ್ತು ದಿನ ಕಳೆದಿದೆ.