ಅಜ್ಜಿಯ ಹಾಡು ನಿಂತರೆ ಸೈರನ್ ಸಾಲದು

2004ರ ಡಿಸೆಂಬರ್ 26ರ ಬೆಳಗ್ಗೆ ಸುಮಾತ್ರಾದ ಪಶ್ಚಿಮಕ್ಕಿರುವ ಸಿಮೆಲು ದ್ವೀಪದಲ್ಲಿ ನೆಲ ನಡುಗಿದಾಗ ಯಾವ ಸೈರನ್ನೂ ಮೊಳಗಲಿಲ್ಲ. ‘ಸ್ಮೊಂಗ್, ಸ್ಮೊಂಗ್’ (ಅಲ್ಲಿನ ಮಾತಿನಲ್ಲಿ ಸುನಾಮಿ) ಎಂದು ಜನರೇ ಕೂಗಿದರು. ಉತ್ತರ ತುದಿಯ ಲಾಂಗಿ ಹಳ್ಳಿಗೆ ಸುನಾಮಿಯ ಮೊದಲ ಅಲೆ ಬಂದಪ್ಪಳಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಅಷ್ಟರೊಳಗೆ ಅಲ್ಲಿನ ಸುಮಾರು 800 ಜನ ಮಕ್ಕಳು ಮರಿ, ಮುದುಕರೊಂದಿಗೆ ಗುಡ್ಡ ಹತ್ತಿಯಾಗಿತ್ತು. ಊರು ಕೊಚ್ಚಿಹೋಯಿತು, ಜನ ಉಳಿದರು. ಇಡೀ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಅದೇ ಬೆಳಗ್ಗೆ ಸುಮಾತ್ರಾದ ಮುಖ್ಯ ತೀರದಲ್ಲಿ, ಕಡಲು ಹಿಂದೆ ಸರಿದು ಬರಿದಾದ ನೆಲಕ್ಕೆ ಮೀನು ಹೆಕ್ಕಲು ಇಳಿದವರಿದ್ದರು.

ಸಿಮೆಲು ಜನರಿಗೆ ಪಾಠ ಕಲಿಸಿದ್ದು 1907ರ ಜನವರಿಯ ಸುನಾಮಿ. ಬದುಕುಳಿದವರು ಅದನ್ನು ನಾಫಿ-ನಾಫಿ ಎಂಬ ಕಥೆ ಹೇಳುವ ಪದ್ಧತಿಯಲ್ಲಿ, ಪಿಟೀಲು ಮತ್ತು ಚರ್ಮವಾದ್ಯದ ಜೊತೆ ಹಾಡುವ ನಂದೊಂಗ್‌ನಲ್ಲಿ, ಲಾಲಿಯಲ್ಲಿ ಇಟ್ಟು ಮಕ್ಕಳ ಕೈಗೆ ದಾಟಿಸಿದರು. ಭಾರೀ ನಡುಕ, ಹಿಂದೆ ಸರಿಯುವ ನೀರು, ತಡಮಾಡದೆ ಎತ್ತರಕ್ಕೆ ಓಟ: ಕಥೆಯ ತಿರುಳು ಇಷ್ಟೇ. ಇಂದಿಗೂ ಹಾಡುವ ಒಂದು ಸ್ಮೊಂಗ್ ಹಾಡಿನಲ್ಲಿ ಭೂಕಂಪವೇ ತೊಟ್ಟಿಲಾಗುತ್ತದೆ. ಅನ್ನ ಕೊಡುವ ಕಡಲೇ ಮನೆಯನ್ನೂ ನುಂಗಬಲ್ಲದು, ಓಡಿಹೋಗಲು ಬೇರೆ ನಾಡಿಲ್ಲ ಎಂಬ ಅರಿವಿನಲ್ಲಿ ಬದುಕುವವರಿಗೆ ಮಾತ್ರ ಇಂಥ ಕಲ್ಪನೆ ಹೊಳೆದೀತು. ಚಿಕ್ಕ ದ್ವೀಪದಲ್ಲಿ ಒಂದು ದುರಂತ ಎಲ್ಲರ ಮನೆಯದೂ ಆಗುತ್ತದೆ. ಹಾಗಾಗಿಯೇ ಒಂದು ಕಥೆ ನೂರು ವರ್ಷ ಸವೆಯದೆ ಉಳಿಯಿತು.

ಹೈದರಾಬಾದಿನಲ್ಲಿ 2007ರಿಂದ ನಮ್ಮದೇ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವಿದೆ. ಅದು ಬೇಕೇ ಬೇಕು. ಆದರೆ ನೆಲ ಬಿರಿಯುವ ಜಾಗ ದ್ವೀಪದ ಮಗ್ಗುಲಲ್ಲೇ ಇದ್ದರೆ ಸಂದೇಶ ತಲುಪುವ ಹೊತ್ತಿಗೆ ಅಲೆಯೂ ತಲುಪಿರಬಹುದು. ನಡುಕಕ್ಕೆ ಕರೆಂಟು, ಟವರ್ ಎರಡೂ ಕೈಕೊಟ್ಟರಂತೂ ತಲೆಯೊಳಗಿನ ಕಥೆಯೇ ಗತಿ. ನಮ್ಮ ನಿಕೋಬಾರ್ ಇರುವುದೂ ಸಿಮೆಲು ಇರುವ ಅದೇ ಬಿರುಕಿನ ಸಾಲಿನಲ್ಲಿ.

ನಾವು ಈಗಲೇ ಎಚ್ಚರಿಸಬೇಕಾದ ಮಾತು ಇಲ್ಲಿದೆ. ಗ್ರೇಟ್ ನಿಕೋಬಾರಿನ ಪಶ್ಚಿಮ ತೀರದ ನಿಕೋಬಾರಿಗಳನ್ನು 2004ರ ನಂತರ ಕ್ಯಾಂಪ್‌ಬೆಲ್ ಬೇ ಕಡೆಗೆ ಸ್ಥಳಾಂತರಿಸಲಾಯಿತು. ತಮ್ಮ ಹಳೆಯ ಊರುಗಳಿಗೆ ಮರಳಲು ಬಿಡಿ ಎಂದು ಅವರು ಕೇಳುತ್ತಲೇ ಇದ್ದಾರೆ. 2022ರಲ್ಲಿ ಅದೇ ದ್ವೀಪದಲ್ಲಿ ಬಂದರು, ವಿಮಾನ ನಿಲ್ದಾಣ, ಹೊಸ ಪಟ್ಟಣದ ಯೋಜನೆಗೆ ಪರಿಸರ ಅನುಮತಿ ಸಿಕ್ಕಿತು. ಯಾವ ಕೊಲ್ಲಿ, ಯಾವ ತೊರೆ, ಯಾವ ದಿನ್ನೆ ಎಂದು ಬೆರಳು ಮಾಡಿ ತೋರಿಸಲಾಗದ ಕಡೆ ಬೆಳೆಯುವ ಮಗುವಿಗೆ ಅಜ್ಜಿಯ ಕಥೆ ಬರೀ ಸದ್ದಾಗುತ್ತದೆ. ಧ್ವನಿಮುದ್ರಿಕೆ ಇದಕ್ಕೆ ಪರಿಹಾರವಲ್ಲ. 2010ರ ಜನವರಿಯಲ್ಲಿ ಕೊನೆಯ ಭಾಷಿಕಳಾದ ಬೋವಾ ಸೀನಿಯರ್ ತೀರಿಕೊಂಡಾಗ ಅಂಡಮಾನಿನ ಬೋ ಭಾಷೆಯೇ ಮುಗಿಯಿತು. ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ದಾಖಲಿಸಿದ ಆಕೆಯ ದನಿ ನಮ್ಮಲ್ಲಿದೆ, ಆ ಭಾಷೆಯಲ್ಲಿ ಓಗೊಡುವವರಿಲ್ಲ.

ದ್ವೀಪಗಳ ಈ ಪಾಡು ಕನ್ನಡಿಗರಾದ ನಮಗೆ ದೂರದ ಸಂಗತಿಯೂ ಅಲ್ಲ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಹಡಗುಗಳು ಇಂದಿಗೂ ಲಕ್ಷದ್ವೀಪಕ್ಕೆ ಸರಕು ಒಯ್ಯುತ್ತವೆ. ಆ ಬಿತ್ರಾವನ್ನೇ ರಕ್ಷಣಾ ಉದ್ದೇಶಕ್ಕೆ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾಪದಡಿ 2025ರ ಜುಲೈನಲ್ಲಿ ಸಾಮಾಜಿಕ ಪರಿಣಾಮ ಅಧ್ಯಯನಕ್ಕೆ ಅಧಿಸೂಚನೆ ಹೊರಟಿತು. ಇಂಥ ಅಧ್ಯಯನಗಳು ತೆಂಗಿನಮರ, ಮನೆ, ದೋಣಿ ಎಣಿಸುತ್ತವೆ. ದ್ವೀಪದ ಹಾಡು ಕಥೆಗಳೂ ಆ ಲೆಕ್ಕಕ್ಕೆ ಬರಬೇಕು. ಅವನ್ನು ಬಲ್ಲ ಹಿರಿಯರ ಒಪ್ಪಿಗೆಯಿಲ್ಲದೆ ಒಂದು ಮನೆಯನ್ನೂ ಕದಲಿಸಬಾರದು. ನಿಕೋಬಾರಿಗಳ ಮಟ್ಟಿಗಂತೂ, ಮರಳುವ ಅವರ ಬೇಡಿಕೆಗೆ ಉತ್ತರ ಕೊಟ್ಟ ಮೇಲೆಯೇ ಬಂದರಿನ ಮಾತು.