ದಯೆಯೋ, ಪ್ರಮಾದವೋ?

ನಾಯಿ ಕಚ್ಚಿದಾಗ ದೂರು ಕೊಡುವುದು ಅಹಿಂಸೆಗೆ ವಿರುದ್ಧವೆಂದು ವಾದಿಸುವ ಶ್ರಾವಕರುಂಟು. ಇದು ದಯೆಯಲ್ಲ, ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂಬುದು ಜೈನಾಚಾರ್ಯರ ನಿರ್ಣಯ. ಕಲಾಸಿಪಾಳ್ಯದ ಬಸ್ ನಿಲ್ದಾಣದ ಬಳಿ ಅನ್ನ ಚೆಲ್ಲಿ ಹೋಗುವವನಿಗೆ ಪುಣ್ಯ, ನಸುಕಿನಲ್ಲಿ ಮೂಟೆ ಇಳಿಸುವ ಹಮಾಲಿಗೆ ಗಾಯ. ಜಮೆ ಒಬ್ಬನಿಗೆ, ಖರ್ಚು ಇನ್ನೊಬ್ಬನಿಗೆ ಬರೆಯುವ ಈ ಲೆಕ್ಕ ಯಾವ ಧರ್ಮದ್ದು?

ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕುಳಿಯುವುದು ಅತಿ ವಿರಳ. ಆದುದರಿಂದ ಅರಿಸಿನ, ಸುಣ್ಣ ಹಚ್ಚದೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅಂದೇ ಆಸ್ಪತ್ರೆಯಲ್ಲಿ ಲಸಿಕೆ ಆರಂಭಿಸಬೇಕು. ರಕ್ತ ಬಂದಿದ್ದರೆ ಗಾಯದೊಳಕ್ಕೇ ಇಮ್ಯುನೊಗ್ಲಾಬ್ಯುಲಿನ್ ಕೊಡಿಸಬೇಕು. ವೈದ್ಯರ ಚೀಟಿ, ರಸೀದಿಗಳನ್ನು ಜೋಪಾನವಾಗಿಡಬೇಕು. ಪಾಲಿಕೆಗೆ ಕೊಡುವ ದೂರಿಗೂ ಪರಿಹಾರದ ಅರ್ಜಿಗೂ ಅವೇ ಆಧಾರ.

ಸಾಕುನಾಯಿಯಾದರೆ, ಮಾಲೀಕನ ಅಲಕ್ಷ್ಯದ ವಿರುದ್ಧ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನನ್ವಯ ಪೊಲೀಸರಿಗೆ ದೂರು ಸಲ್ಲಿಸಬಹುದು. ಬೀದಿನಾಯಿಯ ದಾಳಿಯಿಂದ ಗಾಯಗೊಂಡವರಿಗೆ ಪರಿಹಾರವನ್ನೂ, ಸಾವು ಸಂಭವಿಸಿದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿಯನ್ನೂ ರಾಜ್ಯ ಸರ್ಕಾರ ಗೊತ್ತುಪಡಿಸಿದೆ. ಹಕ್ಕನ್ನು ಕೇಳುವುದು ದ್ವೇಷವಲ್ಲ.

ದೂರು ಕೊಟ್ಟರೆ ನಾಯಿಯನ್ನು ಕೊಲ್ಲುವರೆಂಬ ಭಯವೂ ಸಲ್ಲದು. ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023 ವಿಧಿಸುವುದು ಸಂತಾನಹರಣ ಮತ್ತು ಲಸಿಕೆಯನ್ನು, ಮನಬಂದಂತೆ ಕೊಲ್ಲುವುದನ್ನಲ್ಲ. ಬಸ್ ನಿಲ್ದಾಣಗಳ ನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟು 2025ರ ನವೆಂಬರ್ 7ರಂದು ಆದೇಶಿಸಿತು. ಆ ಆಶ್ರಯತಾಣಗಳ ಮೇವು, ಔಷಧಿಗೆ ಹಣವೆಲ್ಲಿ? ಪಾಂಜರಪೋಳಗಳನ್ನು ಕಟ್ಟಿ ನಡೆಸಿದ ಸಮಾಜಕ್ಕೆ ಈ ಪ್ರಶ್ನೆ ಹೊಸತಲ್ಲ. ಬಸದಿ, ಮಂದಿರಗಳ ಟ್ರಸ್ಟುಗಳು ಬೀದಿಯಲ್ಲಿ ಅನ್ನ ಚೆಲ್ಲುವುದನ್ನು ತಡೆದು, ಅದೇ ಹಣವನ್ನು ಲಸಿಕೆಗೂ ಆಶ್ರಯಕ್ಕೂ ಕೊಡಲಿ. ನಾಯಿಗೂ ಹಮಾಲಿಗೂ ಅಭಯ ಕೊಡದ ದಾನ ಅಭಯದಾನವಾಗದು.